ಮೆದೆಸ್‌ನ ಮೀನು ಓಡುವುದಿಲ್ಲ

ಎರಡು ದಿನ ಬೋಟು ಹೊರಡಲೇ ಇಲ್ಲ. ತ್ರಮುಂತಾನಾ ಬೀಸುತ್ತಿತ್ತು. ಪಿರನೀಸ್ ಬೆಟ್ಟಸಾಲಿನ ಕಡೆಯಿಂದ ಇಳಿದು ಬರುವ ಬಡಗಣ ಗಾಳಿ ಅದು. ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು, ಬಿಸಿಲೂ ಚೆನ್ನಾಗಿಯೇ ಕಾಯುತ್ತಿತ್ತು. ಹೊಸಬರಿಗೆ ಇವತ್ತು ಹೋಗಲಿಕ್ಕೆ ಏನು ಧಾಡಿ ಅನ್ನಿಸಬೇಕು. ಕಡಲನ್ನು ನೋಡಿದರೆ ಉತ್ತರ ಸಿಗುತ್ತಿತ್ತು: ಕಣ್ಣು ಹಾಯುವಷ್ಟು ದೂರ ಬಿಳಿ ನೊರೆ. ಬಂದರಿನಲ್ಲಿ ನಿಂತ ಹಾಯಿದೋಣಿಗಳ ಲೋಹದ ಕಂಬಗಳಿಗೆ ಹಗ್ಗ ಬಡಿದು ಹಗಲೂ ರಾತ್ರಿ ಟಣ್ ಟಣ್ ಸದ್ದು. ಗುಡಿಯೊಳಗೆ ನುಗ್ಗಿದ ಮಗುವೊಂದು ಗಂಟೆಯ ಹಗ್ಗ ಬಿಡದೆ ಜಗ್ಗಿದಂತೆ. ಡೈವಿಂಗ್ ಸೆಂಟರಿನ ಬಾಗಿಲಲ್ಲಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಡೈವ್‌ಗಳ ಪಟ್ಟಿ ಬರೆಯುತ್ತಾರೆ. ಎರಡೂ ದಿನ ಅದರ ಮೇಲೆ ಅಡ್ಡಗೆರೆ ಒಂದೇ ಇತ್ತು.

ಊರಿನ ಹೆಸರು ಲೆಸ್ತರ್ತಿತ್. ಸ್ಪೇನ್ ದೇಶದ ಈಶಾನ್ಯ ಮೂಲೆ, ಕತಲೋನಿಯಾ. ಬಾರ್ಸಿಲೋನಾದಿಂದ ಉತ್ತರಕ್ಕೆ ಬಸ್ಸಿನಲ್ಲಿ ಎರಡು ಗಂಟೆಗೂ ಮಿಕ್ಕಿದ ದಾರಿ. ಈ ತೀರಕ್ಕೆ ‘ಕೋಸ್ತಾ ಬ್ರಾವಾ’ ಎಂದು ಹೆಸರಿಟ್ಟವರು ಫೆರಾನ್ ಅಗುಯೋ ಎಂಬ ಪತ್ರಕರ್ತ, 1908ರಲ್ಲಿ. ಒರಟು ತೀರ ಎಂದು ಅರ್ಥ. ಈಗ ಅದು ಪ್ರವಾಸಿ ಕರಪತ್ರದ ಹೆಸರಾಗಿ ಸವೆದುಹೋಗಿದೆ, ಹೋಟೆಲುಗಳ ಸಾಲಿನ ಮುಂದೆ ಒರಟುತನ ಹುಡುಕಬೇಕು. ತ್ರಮುಂತಾನಾ ಬೀಸಿದ ದಿನ ಮಾತ್ರ ಆ ಪತ್ರಕರ್ತರ ಮಾತು ಸುಳ್ಳಲ್ಲ ಎಂದು ಗೊತ್ತಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಹಗ್ಗದ ಸದ್ದು ನಿಂತಿತ್ತು. ಕಡಲು ಹೆಪ್ಪುಗಟ್ಟಿದ ತುಪ್ಪದ ಹಾಗೆ ಅಲುಗದೆ ಮಲಗಿತ್ತು. ಎದುರಿಗೆ, ಈಜಬಲ್ಲವರು ಈಜಿಯೇ ಮುಟ್ಟಬಹುದು ಅನ್ನಿಸುವಷ್ಟು ಹತ್ತಿರದಲ್ಲಿ, ಮೆದೆಸ್ ದ್ವೀಪಗಳು.

ದ್ವೀಪಗಳೆಂದರೆ ತೆಂಗಿನ ಮರ, ಮರಳು ಎಂದೆಲ್ಲ ಯೋಚಿಸಬಾರದು. ಏಳು ಸುಣ್ಣಕಲ್ಲಿನ ಬಂಡೆಗಳು, ಅಷ್ಟೆ. ಊರ ಹಿಂದೆ ನಿಂತಿರುವ ಮೊಂತ್‌ಗ್ರೀ ಬೆಟ್ಟವೇ ಕಡಲಿಗಿಳಿದು, ಮುಳುಗಿ, ಒಂದು ಮೈಲಿಯಾಚೆ ಮತ್ತೆ ತಲೆಯೆತ್ತಿದೆ. ದೊಡ್ಡದು ಮೆದಾ ಗ್ರಾನ್, ಅದರ ಪಕ್ಕದ್ದು ಮೆದಾ ಪೆತೀತಾ. ದೊಡ್ಡದು, ಚಿಕ್ಕದು ಎನ್ನುವುದೇ ಹೆಸರು. ಉಳಿದವು ಸುತ್ತ ಚೆದುರಿದ ಬಂಡೆಗಳು. ಅವುಗಳಲ್ಲೊಂದು ನೆಟ್ಟಗೆ ಕಂಬದಂತೆ ಎದ್ದು ನಿಂತಿದೆ, ಹೆಸರು ಕರಾಲ್ ಬೆರ್ನಾತ್. ಹೆಸರಿನ ಅರ್ಥ ಕೇಳಿದಾಗ ಬೋಟಿನವನು ನಕ್ಕು ಬೇರೆ ಕಡೆ ನೋಡಿದ. ಮೀನುಗಾರರು ಬಂಡೆಯ ಆಕಾರ ನೋಡಿ ಇಟ್ಟ ಹೆಸರು, ಮನೆಯಲ್ಲಿ ಹೇಳುವಂಥದ್ದಲ್ಲ. ಮರ್ಯಾದಸ್ಥರು ಒಂದಕ್ಷರ ಬದಲಿಸಿ ‘ಕವಾಲ್’, ಅಂದರೆ ಕುದುರೆ, ಮಾಡಿಕೊಂಡಿದ್ದಾರೆ. ಬಂಡೆಯಲ್ಲಿ ಕುದುರೆ ಯಾವ ಕೋನದಿಂದಲೂ ಕಾಣುವುದಿಲ್ಲ.

ಮೆದಾ ಗ್ರಾನ್ ಮೇಲೆ ಒಂದು ದೀಪಸ್ತಂಭವಿದೆ, ಮನುಷ್ಯರ ವಾಸವಿಲ್ಲ. ಹಿಂದೆ ಕಡಲ್ಗಳ್ಳರು ಅಡಗುತ್ತಿದ್ದರು, ಆಮೇಲೆ ಕೋಟೆ ಕಟ್ಟಿದರು, ಸೈನಿಕರಿದ್ದರು. ಈಗ ಹಳದಿ ಕಾಲಿನ ಕಡಲಕ್ಕಿಗಳ ರಾಜ್ಯ. ಬೋಟು ಹತ್ತಿರ ಬರುತ್ತಿದ್ದಂತೆ ಅವುಗಳ ಗಲಾಟೆ, ಹಿಂದೆಯೇ ಹಿಕ್ಕೆಯ ಘಾಟು.

ಬಂದರಿನಿಂದ ಇಲ್ಲಿಗೆ ಹತ್ತು ನಿಮಿಷವೂ ಬೇಡ. ಲಂಗರು ಹಾಕುವ ಹಾಗಿಲ್ಲ. ತಳದಲ್ಲಿ ಬೆಳೆದದ್ದನ್ನು ಲಂಗರು ಕಿತ್ತುಹಾಕುತ್ತದೆಂದು ಅಲ್ಲಲ್ಲಿ ಬೋಯ್‌ಗಳನ್ನು ತೇಲಿಬಿಟ್ಟಿದ್ದಾರೆ, ದೋಣಿಯನ್ನು ಅದಕ್ಕೇ ಕಟ್ಟಬೇಕು. ದಿನಕ್ಕೆ ಇಷ್ಟೇ ಜನ ಇಳಿಯಬಹುದು ಎಂಬ ಲೆಕ್ಕವೂ ಇದೆ, ಪ್ರತಿ ಇಳಿತಕ್ಕೂ ಶುಲ್ಕವಿದೆ.

ನಾನು ಮೊದಲು ನೀರೊಳಗೆ ಉಸಿರಾಡಲು ಕಲಿತದ್ದು ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ. ಅಲ್ಲಿನ ನೀರು ಬೆಚ್ಚಗೆ, ಸ್ನಾನಕ್ಕೆ ತೋಡಿಟ್ಟ ಹಾಗೆ. ತೆಳ್ಳನೆಯ ಸೂಟಿದ್ದರೆ ಸಾಕು. ಇಲ್ಲಿ ಏಳು ಮಿಲಿಮೀಟರ್ ದಪ್ಪದ ರಬ್ಬರನ್ನು ಮೈಗೆ ಏರಿಸುವಷ್ಟರಲ್ಲೇ ಬೆವರು ಕಿತ್ತುಬಂತು. ಅದರ ಮೇಲೊಂದು ತಲೆಗವಸು, ಕೈಗವಸು. ಆಮೇಲೆ ಸೀಸದ ತೂಕ. ನೇತ್ರಾಣಿಯಲ್ಲಿ ನನಗೆ ಸಾಕಾಗುವ ತೂಕ ಹೇಳಿದೆ. ಗೈಡ್ ತಲೆಯಾಡಿಸಿ ಅದರ ಮೇಲೆ ಇನ್ನೂ ಒಂದಿಷ್ಟು ಪೋಣಿಸಿದಳು. ದಪ್ಪ ಸೂಟು ತೇಲಿಸುತ್ತದೆ, ಜೊತೆಗೆ ಈ ಕಡಲೂ ತೇಲಿಸುತ್ತದೆ. ಮೆಡಿಟರೇನಿಯನ್‌ನ ಒಂದು ಲೀಟರ್ ನೀರಿನಲ್ಲಿ ಸುಮಾರು 38 ಗ್ರಾಂ ಉಪ್ಪು. ತೆರೆದ ಸಾಗರಗಳಲ್ಲಿ 35ರ ಆಸುಪಾಸು. ಸುತ್ತ ನೆಲ, ಅಟ್ಲಾಂಟಿಕ್ ಕಡೆಗೆ ಜಿಬ್ರಾಲ್ಟರ್ ಎಂಬ ಹದಿನಾಲ್ಕು ಕಿಲೊಮೀಟರ್ ಅಗಲದ ಕಿರುಬಾಗಿಲು. ನದಿಗಳು ತಂದು ಹಾಕುವುದಕ್ಕಿಂತ ಬಿಸಿಲು ಹೀರುವುದೇ ಹೆಚ್ಚು. ನಮ್ಮ ಕರಾವಳಿಯಲ್ಲಿ ಬೆಳೆದವರಿಗೆ ವಿಚಿತ್ರವೆನಿಸುವುದು ಇನ್ನೊಂದು: ಭರತ ಇಳಿತ ಇಲ್ಲಿ ಇದ್ದೂ ಇಲ್ಲದ ಹಾಗೆ, ಹೆಚ್ಚೆಂದರೆ ಗೇಣುದ್ದ. ಅದಕ್ಕೇ ನೀರಿನ ಗೆರೆ ಬಂಡೆಯ ಮೇಲೆ ಸ್ಕೇಲಿಟ್ಟು ಎಳೆದಷ್ಟು ನೇರ.

“ಮೊದಲ ಹದಿನೈದು ಮೀಟರ್ ನಿಮಗೆ ಚಳಿಯಾಗುವುದಿಲ್ಲ. ಆಮೇಲೆ ನನ್ನನ್ನು ಬೈಯಬೇಡಿ” ಎಂದಳು ಗೈಡ್.

ಬೆನ್ನಡಿ ಬಿದ್ದು ನೀರು ಸೇರಿದೆ. ಗುಳ್ಳೆಗಳ ಪರದೆ ಸರಿದದ್ದೇ ತಡ, ಕೆಳಗೆ ಸಾವಿರಾರು ಕಪ್ಪು ಮೀನುಗಳು ತೂಗುತ್ತಿದ್ದವು. ಬೆರಳುದ್ದ, ಕವಲು ಬಾಲ, ದೂರದಿಂದ ನೋಡಿದರೆ ಸಂಜೆ ಗದ್ದೆಯ ಮೇಲೆ ಹಾರುವ ಕವಲುತೋಕೆಗಳ ಹಿಂಡು. ಇಲ್ಲಿಯವರು ಇವನ್ನು ಕಸ್ತನ್ಯೋಲಾ ಎನ್ನುತ್ತಾರೆ. ಹತ್ತಿರ ಹೋದರೆ ಹಿಂಡು ಎರಡು ಪಾಲಾಗಿ ದಾರಿ ಬಿಡುತ್ತದೆ, ಹಿಂದೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬಂಡೆಯ ನೆರಳಿನಲ್ಲಿ ಇವುಗಳ ಮರಿಗಳಿದ್ದವು: ಉಗುರಿನಷ್ಟು ಗಾತ್ರ, ವೆಲ್ಡಿಂಗ್ ಕಿಡಿಯ ನೀಲಿ. ಬೆಳೆಯುತ್ತ ಬೆಳೆಯುತ್ತ ಆ ನೀಲಿ ಮಾಸಿ ಮಸಿಯಾಗುತ್ತದೆ. ಬಣ್ಣ ಮಕ್ಕಳಿಗೆ, ದೊಡ್ಡವರಿಗೆ ಕಪ್ಪು ಕೋಟು.

ಬಂಡೆಯ ನೆತ್ತಿಯಲ್ಲಿ ಸಾಲ್ಪಾ ಮೀನುಗಳು ಪಾಚಿ ಮೇಯುತ್ತಿದ್ದವು. ಬೆಳ್ಳಿ ಮೈಗೆ ಚಿನ್ನದ ಅಡ್ಡಗೆರೆ, ನೂರಿನ್ನೂರರ ಮಂದೆ, ಎಲ್ಲವೂ ಒಂದೇ ಕಡೆಗೆ ತಲೆ ತಗ್ಗಿಸಿ ಪರಪರ ಕೆರೆಯುವ ಸದ್ದು ನೀರಿನಲ್ಲಿ ಕೇಳುತ್ತದೆ. ಗೋಮಾಳದಲ್ಲಿ ಬಿಟ್ಟ ದನಗಳ ಹಾಗೆ ಶಾಂತ. ತಿಂದವರಿಗೆ ಮಾತ್ರ ಒಮ್ಮೊಮ್ಮೆ ಶಾಂತಿಯಿಲ್ಲ. ಈ ಮೀನು, ಅದರಲ್ಲೂ ಅದರ ತಲೆ ತಿಂದವರಿಗೆ ಭ್ರಮೆ, ಕೆಟ್ಟ ಕನಸು ಕಾಡಿದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ.

ಹದಿನಾರು ಮೀಟರಿನ ಹತ್ತಿರ ನೀರು ಅಲ್ಲಾಡತೊಡಗಿತು. ಅಲೆಯಲ್ಲ. ಉರಿಯುವ ಒಲೆಯ ಮೇಲಿನ ಗಾಳಿ ನಡುಗುತ್ತದಲ್ಲ, ಅಂಥ ನಡುಕ. ಎದುರಿನ ಬಂಡೆ ಕರಗುತ್ತಿರುವಂತೆ ಕಂಡಿತು. ಬೆಚ್ಚನೆಯ ಮೇಲ್ನೀರು ಮುಗಿದು ತಣ್ಣೀರು ಶುರುವಾಗುವ ಗಡಿ ಅದು. ಎಣ್ಣೆ ಮತ್ತು ನೀರಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಮೊದಲು ಕೈ ಇಳಿಯಿತು, ಆಮೇಲೆ ಮುಖ. ಹಲ್ಲಿನ ಬೇರಿನ ತನಕ ಚಳಿ. ಮಣಿಕಟ್ಟಿನ ಕಂಪ್ಯೂಟರ್ 23 ಡಿಗ್ರಿಯಿಂದ ನಿಧಾನಕ್ಕೆ ಇಳಿಯುತ್ತ 17ಕ್ಕೆ ಬಂದು ನಿಂತಿತು. ಗೈಡ್ ಹಿಂತಿರುಗಿ ನನ್ನನ್ನೇ ನೋಡುತ್ತಿದ್ದಳು. ಬಾಯಲ್ಲಿ ನಳಿಕೆ ಇದ್ದುದರಿಂದ ಬೈಯಲು ಆಗಲಿಲ್ಲ. ಚಳಿಗಾಲದಲ್ಲಿ ಈ ಗಡಿಯೇ ಇರುವುದಿಲ್ಲ, ಮೇಲಿಂದ ಕೆಳತನಕ ಒಂದೇ ಸಮ 13 ಡಿಗ್ರಿ.

ಅಲ್ಲಿ, ಎರಡು ಬಂಡೆಗಳ ಸಂದಿಯ ಮುಂದೆ, ಅವನಿದ್ದ.

ಕತಲಾನ್ ಭಾಷೆಯಲ್ಲಿ ನೆರೊ, ಸ್ಪ್ಯಾನಿಷ್‌ನಲ್ಲಿ ಮೆರೊ, ಇಂಗ್ಲಿಷಿನವರ ಗ್ರೂಪರ್. ನಮ್ಮ ಕರಾವಳಿಯ ಮುರುಮೀನಿನ ದೊಡ್ಡಪ್ಪ ಅನ್ನಬಹುದು. ಮೀಟರಿನಷ್ಟು ಉದ್ದ, ಎರಡೂ ಕೈಯಲ್ಲಿ ತಬ್ಬಿ ಹಿಡಿಯಬೇಕಾದಷ್ಟು ಸುತ್ತಳತೆ. ಮೈಬಣ್ಣ ಹಳೆಯ ಹಿತ್ತಾಳೆ ಹಂಡೆಯದು, ಅದರ ಮೇಲೆ ಯಾರೋ ಸುಣ್ಣ ಚಿಮುಕಿಸಿದಂತೆ ಮಾಸಲು ಮಚ್ಚೆ. ಕೆಳದವಡೆ ಮುಂದೆ ಚಾಚಿಕೊಂಡು, ಜಮಾಬಂದಿ ದಿನ ಜಗಲಿಯಲ್ಲಿ ಕೂತ ಹಳೇ ಕಾಲದ ಶಾನುಭೋಗರ ಮುಖಭಾವ. ಈಜುತ್ತಿರಲಿಲ್ಲ, ತೂಗುತ್ತಲೂ ಇರಲಿಲ್ಲ, ನೀರಿನಲ್ಲಿ ಸುಮ್ಮನೆ ಇಟ್ಟ ಹಾಗಿದ್ದ. ಕಿವಿರಿನ ಹತ್ತಿರದ ರೆಕ್ಕೆಗಳೆರಡು ಮಾತ್ರ ಬೀಸಣಿಗೆಯಂತೆ ಮೆಲ್ಲಗೆ ಆಡುತ್ತಿದ್ದವು.

ನಾನು ಉಸಿರು ಬಿಗಿಹಿಡಿಯಲು ಹೋದೆ. ಸ್ಕೂಬಾದಲ್ಲಿ ಮಾಡಲೇಬಾರದ ತಪ್ಪು ಅದು. ನೆನಪಾಗಿ ಬಿಟ್ಟೆ. ಗುಳ್ಳೆಗಳು ಬುಳುಬುಳು ಎದ್ದವು. ಯಾವ ಮೀನಾದರೂ ಓಡಬೇಕಿತ್ತು. ಇವನು ಹತ್ತಿರ ಬಂದ. ಎರಡು ಮೀಟರ್, ಒಂದು, ಕೊನೆಗೆ ಒಂದು ಮೊಳ. ಗೋಲಿಯಂಥ ಕಣ್ಣು ಅದರ ಗೂಡಿನೊಳಗೆ ಮೆಲ್ಲಗೆ ತಿರುಗಿ ನನ್ನ ಕನ್ನಡಕ, ಕೈ, ಕಾಲಿನ ರೆಕ್ಕೆ ಎಲ್ಲವನ್ನೂ ಒಂದು ಸುತ್ತು ನೋಡಿತು. ಕಣ್ಣಪಾಪೆಯ ಸುತ್ತ ಕೂದಲೆಳೆಯಷ್ಟು ತೆಳ್ಳಗೆ ಚಿನ್ನದ ಗೆರೆಯಿತ್ತು. ತುಟಿಯ ಮೂಲೆಯಲ್ಲಿ ಎಂದೋ ಆಗಿ ಮಾಯ್ದ ಗಾಯದ ಗುರುತು. ನೋಡಿ ಮುಗಿಯಿತೇನೋ, ಬೆನ್ನು ತಿರುಗಿಸಿ ಸಂದಿಯೊಳಗೆ ಹೋದ. ಅವಸರವೇನಿರಲಿಲ್ಲ.

ನೀರಿನಲ್ಲಿ ನೂರಾರು ಸಲ ಇಳಿದವರಿಗೂ ಇದು ಅಭ್ಯಾಸವಾಗುವುದಿಲ್ಲವಂತೆ. ಕಡಲಲ್ಲಿ ನಾವು ನೋಡುವುದು ಹೆಚ್ಚಾಗಿ ಮೀನಿನ ಬಾಲವನ್ನೇ. ನಮ್ಮನ್ನು ನೋಡಿದ ಮೀನಿನ ಮುಖ ಕಾಣುವುದು ಅಪರೂಪ.

‘ಅವನು’ ಎಂದು ನಾನು ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಜಾತಿಯಲ್ಲಿ ಎಲ್ಲವೂ ಮೊದಲು ಹೆಣ್ಣು. ಹತ್ತು ಹನ್ನೆರಡು ವರ್ಷ ಕಳೆದು ಮೈ ಬಲಿತ ಮೇಲೆ ಕೆಲವು ಗಂಡಾಗುತ್ತವೆ. ಅರ್ಧ ಶತಮಾನ ಬದುಕಬಲ್ಲ ಮೀನು ಇದು. ಎಂದರೆ ಕಡಲಲ್ಲಿ ಕಾಣುವ ಅತಿ ದೊಡ್ಡ ಗ್ರೂಪರ್‌ಗಳೇ ಗಂಡುಗಳು. ಬೇಟೆಗಾರನ ಈಟಿ ಮೊದಲು ಹುಡುಕುವುದೂ ದೊಡ್ಡದನ್ನೇ. ನೀರೊಳಗಿನ ಬೇಟೆ ಮೋಜಾಗಿ ಹಬ್ಬಿದ ಕಳೆದ ಶತಮಾನದ ನಡುಭಾಗದಲ್ಲಿ ಈ ತೀರದ ಗ್ರೂಪರ್‌ಗಳು ಹೇಗೆ ಖಾಲಿಯಾದವು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹತ್ತು ಜನ ಬೇಟೆಗಾರರು ಹತ್ತು ಬೇಸಿಗೆಯಲ್ಲಿ ಒಂದು ಬಂಡೆಯ ಗಂಡುಸಂತಾನವನ್ನೇ ಮುಗಿಸಬಹುದು.

1983ರಲ್ಲಿ ಕತಲೋನಿಯಾ ಸರ್ಕಾರ ಮೆದೆಸ್ ಸುತ್ತ ಮೀನು ಹಿಡಿಯುವುದನ್ನೂ ಹವಳ ಕೀಳುವುದನ್ನೂ ನಿಷೇಧಿಸಿತು. 1990ರಲ್ಲಿ ಅದಕ್ಕೆ ಶಾಸನದ ಬಲ ಬಂತು. 2010ರಲ್ಲಿ ಮೊಂತ್‌ಗ್ರೀ ಬೆಟ್ಟ, ಮೆದೆಸ್ ದ್ವೀಪ, ತೆರ್ ನದಿಯ ಕೆಳಬಯಲು ಮೂರನ್ನೂ ಸೇರಿಸಿ ಒಂದೇ ಸಂರಕ್ಷಿತ ಉದ್ಯಾನ ಮಾಡಿದರು. ಕಾಗದದ ಮೇಲೆ ಇಷ್ಟೆ. ನೀರೊಳಗೆ ನಡೆದದ್ದು ಇನ್ನೂ ಸರಳ: ಯಾರೂ ಏನೂ ಮಾಡಲಿಲ್ಲ. ಮೀನು ತಂದು ಬಿಡಲಿಲ್ಲ, ಕೃತಕ ಬಂಡೆ ಕಟ್ಟಲಿಲ್ಲ. ಬಿಟ್ಟರು, ಬಂದವು.

ಬಂದದ್ದು ಗ್ರೂಪರ್ ಒಂದೇ ಅಲ್ಲ. ನಾವು ಬಂಡೆಯ ಮೂಲೆ ತಿರುಗಿದಾಗ ತೆರೆದ ನೀಲಿಯಲ್ಲಿ ಬರಾಕುಡಗಳ ಸಾಲು ನಿಂತಿತ್ತು, ಒಂದೊಂದೂ ಮಸೆದ ಕತ್ತಿಯಂತೆ, ಎಲ್ಲದರ ಮೂತಿ ಪ್ರವಾಹಕ್ಕೆದುರಾಗಿ. ಅವುಗಳ ಕೆಳಗೆ ಒಂಟಿಯಾಗಿ ಅಲೆಯುವ ದೆಂತೋಲ್, ಬೇಟೆಯ ಮೀನು, ಹಲ್ಲು ತೋರಿಸಿಕೊಂಡೇ ಓಡಾಡುತ್ತದೆ. ಬೂದು ಬಣ್ಣದ ಸಾರ್ಗ್ ಮೀನುಗಳು ಕಲ್ಲಿನ ಸಂದಿಯಲ್ಲಿ ಏನನ್ನೋ ಕುಟುಕುತ್ತಿದ್ದವು. ಕುಟುಕುತ್ತಿದ್ದುದು ಕಡಲಮುಳ್ಳಿಯನ್ನು, ಇಂಗ್ಲಿಷಿನವರ ಸೀ ಅರ್ಚಿನ್. ಇದರಲ್ಲಿ ಒಂದು ಗುಟ್ಟಿದೆ. ಮೀನು ಖಾಲಿಯಾದ ಬಂಡೆಗಳ ಮೇಲೆ ಕಡಲಮುಳ್ಳಿಗಳನ್ನು ತಿನ್ನುವವರಿಲ್ಲ. ಅವು ಹೆಚ್ಚಿ ಪಾಚಿಯನ್ನೆಲ್ಲ ಬೋಳಿಸುತ್ತವೆ, ಬಂಡೆ ಕ್ಷೌರವಾದ ತಲೆಯಂತಾಗುತ್ತದೆ. ಮೀನಿದ್ದ ಕಡೆ ಮುಳ್ಳಿಗೆ ಅಂಕೆ, ಪಾಚಿಗೆ ಉಸಿರು. ಮುಂದೆ ನ್ಯಾಷನಲ್ ಜಿಯೊಗ್ರಾಫಿಕ್‌ನ ‘ಪ್ರಿಸ್ಟೀನ್ ಸೀಸ್’ ಯೋಜನೆ ಕಟ್ಟಿ ಜಗತ್ತಿನ ಕಡಲುಗಳನ್ನೆಲ್ಲ ಸುತ್ತಿದ ಎನ್ರಿಕ್ ಸಾಲಾ ಹುಟ್ಟಿದ್ದು ಇಲ್ಲಿಗೆ ಹತ್ತಿರದ ಗಿರೋನಾದಲ್ಲಿ. ಎಳೆಯ ಸಂಶೋಧಕನಾಗಿದ್ದಾಗ ಮೆದೆಸ್‌ನ ಮೀನು ಮತ್ತು ಮುಳ್ಳಿಗಳ ಈ ಲೆಕ್ಕವನ್ನು ಬರೆದವರಲ್ಲಿ ಅವರೂ ಒಬ್ಬರು.

ಮೇಲೆ ಬಂದಾಗ ತುಟಿ ನೀಲಿಯಾಗಿತ್ತಂತೆ. ಬೋಟಿನಲ್ಲಿ ಬಿಸಿ ಸಾರು ಕೊಟ್ಟರು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ನೀರು ಇವತ್ತು ಸ್ವಲ್ಪ ಹಸಿರು ಎಂದು ಒಬ್ಬರು ಗೊಣಗಿದರು. ದಕ್ಷಿಣಕ್ಕೆ ಕೆಲವೇ ಕಿಲೊಮೀಟರ್ ದೂರದಲ್ಲಿ ತೆರ್ ನದಿ ಕಡಲು ಸೇರುತ್ತದೆ, ಮಳೆ ಬಂದರೆ ಕೆಸರನ್ನೂ ತರುತ್ತದೆ. ಗಾಜಿನಂಥ ತಿಳಿನೀರು ಬೇಕಾದವರು ಗ್ರೀಸಿಗೋ ಮಾಲ್ಟಾಕ್ಕೋ ಹೋಗಲಿ. ತಿಳಿನೀರೆಂದರೆ ಹಸಿದ ನೀರು. ಮೆಡಿಟರೇನಿಯನ್‌ನ ಬಹುಪಾಲು ನೀಲಿ ಹಾಗೆಯೇ, ಸುಂದರ, ಬಡವ. ಇಲ್ಲಿ ನದಿ ಒಂದಿಷ್ಟು ಗೊಬ್ಬರ ಹಾಕುತ್ತದೆ, ಅದನ್ನು ತಿನ್ನಲು ಬಂಡೆಯ ಮೇಲೆ ಲಕ್ಷಾಂತರ ಬಾಯಿಗಳು ತೆರೆದು ಕೂತಿವೆ. ಹದಿನೈದು ಮೀಟರ್ ಕಾಣುವ ಹಸಿರುನೀರು ನನಗೆ ಸಾಕು.

ಎರಡನೆಯ ಇಳಿತ ಮೆದಾ ಪೆತೀತಾದ ‘ಲಾ ವಾಕಾ’ ಎಂಬಲ್ಲಿ. ವಾಕಾ ಎಂದರೆ ಹಸು. ಬಂಡೆಯನ್ನು ತೂತು ಕೊರೆದ ಸುರಂಗವಿದು, ಒಂದು ಕಡೆ ಹೊಕ್ಕರೆ ದ್ವೀಪದ ಇನ್ನೊಂದು ಕಡೆ ಬೆಳಕು. ಬಾಗಿಲಲ್ಲಿ ಕಿತ್ತಳೆ ಬಣ್ಣದ ಕಿರುಮೀನುಗಳು ಗುಂಪಾಗಿ ನಿಂತಿದ್ದವು, ದೊಡ್ಡ ಕಣ್ಣು, ಕಣ್ಣಿಗೆ ಅಡ್ಡಲಾಗಿ ಎರಡು ಬಿಳಿಗೆರೆ. ಬೇಸಿಗೆಯಲ್ಲಿ ಇವುಗಳಲ್ಲಿ ಕೆಲವಕ್ಕೆ ಕೆನ್ನೆ ಊದಿರುತ್ತದೆ. ಗಂಡುಗಳು ಅವು, ಹೆಂಡತಿ ಇಟ್ಟ ಮೊಟ್ಟೆಯನ್ನು ಮರಿಯಾಗುವ ತನಕ ಬಾಯಲ್ಲೇ ಇಟ್ಟುಕೊಂಡು ಉಪವಾಸವಿರುತ್ತವೆ.

ಒಳಗೆ ಕತ್ತಲು. ಗೈಡ್ ಟಾರ್ಚನ್ನು ಚಾವಣಿಗೆ ಹಿಡಿದಳು.

ಕೆಂಪು. ಚಾವಣಿ ತುಂಬ ಕೆಂಪು. ಕುಂಕುಮದ ಕೆಂಪಲ್ಲ, ಅದಕ್ಕಿಂತ ಗಾಢ, ಕಳಿತ ಕೋಕಂ ಹಣ್ಣಿನ ಕಡೆಗೆ ಹತ್ತಿರ. ಬೆರಳುದ್ದದ ಕವಲು ಕಡ್ಡಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಪ್ರತಿ ಕಡ್ಡಿಯ ಮೇಲೂ ಸಕ್ಕರೆ ಹರಳು ಚೆಲ್ಲಿದಂತೆ ಬಿಳಿಯ ಹೂಗಳು. ಒಂದೊಂದು ಹೂವಿಗೂ ಎಂಟು ಎಸಳು, ಎಸಳಿನ ಅಂಚಿಗೆ ಗರಿಯಂಥ ಕುಚ್ಚು. ನಾನು ಬಿಟ್ಟ ಗುಳ್ಳೆಯೊಂದು ಚಾವಣಿಗೆ ಬಡಿದು ಪಾದರಸದಂತೆ ಹರಿದು ಒಂದು ಕವಲನ್ನು ತಾಗಿತು. ಆ ಕವಲಿನ ಹೂಗಳೆಲ್ಲ ಒಟ್ಟಿಗೆ ಒಳಸರಿದು ಕಡ್ಡಿ ಬೋಳಾಯಿತು. ನಾಚಿಕೆಮುಳ್ಳನ್ನು ಮುಟ್ಟಿದ ಹಾಗೆ.

ಹೂವಲ್ಲ, ಪ್ರಾಣಿ ಎಂದು ಹದಿನೆಂಟನೆಯ ಶತಮಾನದಲ್ಲಿ ಮರ್ಸೆಯ ವೈದ್ಯ ಪೆಯ್ಸೊನೆಲ್ ಹೇಳಿದಾಗ ಪ್ಯಾರಿಸಿನ ಪಂಡಿತರು ನಂಬಲಿಲ್ಲ. ನಂಬುವುದು ಕಷ್ಟವೇ. ಈ ಪ್ರಾಣಿಗಳು ಕೂಡಿ ಕಟ್ಟುವ ಗಟ್ಟಿ ಎಲುಬೇ ಹವಳ. ಅದರ ಬುಡ ಒಂದು ವರ್ಷಕ್ಕೆ ದಪ್ಪವಾಗುವುದು ಅರ್ಧ ಮಿಲಿಮೀಟರಿಗೂ ಕಡಿಮೆ.

ನಮ್ಮ ಅಜ್ಜಿ ಸಾಗರ ತಾಲ್ಲೂಕಿನವಳು, ಸಾಗರ ನೋಡಿದವಳಲ್ಲ. ಅವಳ ಕೊರಳಿನಲ್ಲಿ ಕರಿಮಣಿಯ ನಡುವೆ ಎರಡು ಹವಳವಿದ್ದವು, ಹೆಸರುಕಾಳಿಗಿಂತ ಒಂದು ಸುತ್ತು ದೊಡ್ಡವು, ಎಣ್ಣೆ ಬೆವರು ಕುಡಿದು ನುಣುಪಾದವು. “ಇದು ಎಲ್ಲಿ ಸಿಕ್ಕುತ್ತದೆ ಅಜ್ಜಿ?” ಎಂದರೆ “ಸಮುದ್ರದಲ್ಲಿ ಬೆಳೀತದೆ ಮಾರಾಯ” ಅನ್ನುವಳು. ನಾನು ಹೊನ್ನಾವರದ ಸಮುದ್ರ ಎಂದು ತಿಳಿದಿದ್ದೆ. ನಮ್ಮ ಸುತ್ತಿನ ಕಡಲಲ್ಲಿ ಹವಳದ ದಿಬ್ಬಗಳಿಗೇನೂ ಕೊರತೆಯಿಲ್ಲ, ಲಕ್ಷದ್ವೀಪವೇ ಇದೆ. ಆದರೆ ಪೋಣಿಸುವ ಈ ಕೆಂಪು ಹವಳ ಅಲ್ಲಿಯದಲ್ಲ. ಸಂಸ್ಕೃತದಲ್ಲಿ ಪ್ರವಾಳ, ಹಳಗನ್ನಡಕ್ಕೆ ಪವಳ, ನಮಗೆ ಹವಳ. ಹೆಸರು ಮನೆಯದಾದರೂ ಮಾಲು ಹೊರಗಿನದು, ಬಹುಪಾಲು ಈ ಮೆಡಿಟರೇನಿಯನ್‌ನದು. ನಾವು ಭಾರತದ ಮುತ್ತಿಗೆ ಎಷ್ಟು ಆಸೆಪಡುತ್ತೇವೋ ಭಾರತದವರು ನಮ್ಮ ಹವಳಕ್ಕೆ ಅಷ್ಟೇ ಆಸೆಪಡುತ್ತಾರೆ ಎಂಬರ್ಥದ ಮಾತನ್ನು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಇಟಲಿಯ ಲಿವೊರ್ನೊ ಬಂದರಿನ ಯಹೂದಿ ವರ್ತಕರು ಹವಳವನ್ನು ಗೋವಾಕ್ಕೆ ಕಳಿಸುತ್ತಿದ್ದರು, ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಗೋವಾದಿಂದ ಘಟ್ಟ ಹತ್ತಿ ಮಲೆನಾಡಿನ ಅಕ್ಕಸಾಲಿಗನ ತಕ್ಕಡಿಗೆ ಬರಲು ಎಷ್ಟು ದೂರ! ಅಜ್ಜಿಯ ಆ ಎರಡು ಹವಳ ಇದೇ ತೀರದ್ದು ಎಂದು ನಾನು ಹೇಳಲಾರೆ. ಆದರೆ ಇಲ್ಲಿಗೆ ದಕ್ಷಿಣದ ಬೆಗೂರ್ ಎಂಬ ಊರಿನ ಗಂಡಸರು ತಲೆಮಾರುಗಟ್ಟಲೆ ಬದುಕಿದ್ದೇ ಹವಳ ಕಿತ್ತು.

ಕೀಳುವುದು ಇನ್ನೂ ನಿಂತಿಲ್ಲ. ಬೆರಳಿನಷ್ಟು ದಪ್ಪದ ಹವಳ ಈಗ ಮೇಲ್ನೀರಿನಲ್ಲಿ ಸಿಗುವುದಿಲ್ಲವಾದ್ದರಿಂದ ಕಳ್ಳರು ಕಡ್ಡಿಯಂಥ ಎಳೆಯವನ್ನೂ ಬಿಡುವುದಿಲ್ಲ. 2011ರಲ್ಲಿ ಹೀಗೆ ಕದ್ದದ್ದು ಸಿಕ್ಕಿಬಿತ್ತು. ಹವಳ ಇನ್ನೂ ಜೀವಂತವಿತ್ತು. ಬಾರ್ಸಿಲೋನಾದ ವಿಜ್ಞಾನಿಗಳು ಮುನ್ನೂರಕ್ಕೂ ಹೆಚ್ಚು ಕವಲುಗಳನ್ನು ಒಯ್ದು ಮೊಂತ್‌ಗ್ರೀ ತೀರದ ಬಂಡೆಗೆ ಒಂದೊಂದಾಗಿ ಅಂಟಿಸಿದರು. ಮುಂದಿನ ವರ್ಷಗಳಲ್ಲಿ ಹೋಗಿ ನೋಡಿದರೆ ಬಹುತೇಕ ಎಲ್ಲವೂ ಹಿಡಿದುಕೊಂಡಿದ್ದವು. ಹತ್ತು ವರ್ಷದ ಹೊತ್ತಿಗೆ ಸುತ್ತಲ ಜೀವಿಗಳೂ ಸೇರಿಕೊಂಡು ಆ ಬಂಡೆ ಮೊದಲಿನ ಹವಳದ ಬಂಡೆಯಂತೆಯೇ ಆಗಿತ್ತು. ಕಳ್ಳಮಾಲನ್ನು ಮಾಲೀಕನಿಗೆ ಮುಟ್ಟಿಸಿದ ಇಂಥ ಪ್ರಸಂಗ ನಾನು ಬೇರೆ ಕೇಳಿಲ್ಲ.

ಸುರಂಗ ದಾಟಿ ಹೊರಗೆ ಬಂದರೆ ಗೋಡೆ ಕಡಿದಾಗಿ ಇಳಿಯುತ್ತದೆ. ಇಪ್ಪತ್ತು ಮೀಟರಿನ ಕೆಳಗೆ ಕಪ್ಪು-ನೀಲಿ ಪೊದೆಗಳ ತೋಟ. ಸಮುದ್ರ ಬೀಸಣಿಗೆಗಳು ಇವು, ಹವಳದ ದಾಯಾದಿಗಳು. ಎಲ್ಲವೂ ಪ್ರವಾಹಕ್ಕೆ ಅಡ್ಡಲಾಗಿ ಕೈಯಗಲಿಸಿ ನಿಂತು ತೇಲಿಬರುವ ಆಹಾರ ಸೋಸುತ್ತವೆ. ಟಾರ್ಚ್ ಹಚ್ಚಿದೆ. ನೀಲಿ ಪೊದೆ ಒಮ್ಮೆಲೇ ರಕ್ತಗೆಂಪಾಯಿತು, ತುದಿಗಳು ಹಳದಿ. ನೀರು ಬೆಳಕಿನ ಕೆಂಪನ್ನು ಮೊದಲು ನುಂಗಿಬಿಡುತ್ತದೆ, ಮೇಲಿನ ಹತ್ತು ಮೀಟರಿನಲ್ಲೇ. ಕೆಳಗೆ ಬೆರಳು ಕುಯ್ದುಕೊಂಡರೆ ರಕ್ತವೂ ಹಸಿರಾಗಿ ಕಾಣುತ್ತದೆ. ಹಾಗಾಗಿ ಈ ತೋಟದ ನಿಜಬಣ್ಣವನ್ನು, ದೀಪ ಹಿಡಿದು ಮನುಷ್ಯ ಇಳಿಯುವ ತನಕ, ಯಾರೂ ಕಂಡಿರಲಾರರು. ಹಚ್ಚಿ ನಂದಿಸಿ, ಹಚ್ಚಿ ನಂದಿಸಿ, ಹುಡುಗರ ಹಾಗೆ ಆಟವಾಡಿದೆ.

ಮೇಲಕ್ಕೆ ಬರುತ್ತ ಹದಿನೈದು ಮೀಟರಿನ ಸುತ್ತ ಬೇರೆಯದೇ ಪೊದೆಗಳು ಕಂಡವು. ದೀಪ ಬಿಟ್ಟರೂ ಕೆಂಪಾಗಲಿಲ್ಲ. ಒಣಗಿದ ತುಳಸಿಗಿಡದಂತೆ ಬೂದು ಕಡ್ಡಿಗಳು, ಅವುಗಳ ಮೇಲೆ ಪಾಚಿಯ ರೋಮ. ಕೆಲವಕ್ಕೆ ಒಂದು ಕೊಂಬೆ ಕೆಂಪು, ಉಳಿದದ್ದು ಬೋಳು. ಗೈಡ್ ಎರಡು ಕೈಯನ್ನೂ ಬೆಂಕಿಯ ಜ್ವಾಲೆಯಂತೆ ಆಡಿಸಿ ತೋರಿಸಿದಳು. ಬಿಸಿ.

ಸಾವಿನ ಬಗೆ ವಿಚಿತ್ರವಾಗಿದೆ. ಮೆಡಿಟರೇನಿಯನ್‌ನ ಬೇಸಿಗೆ ಈ ಜೀವಿಗಳಿಗೆ ಬರಗಾಲ. ಮೇಲ್ನೀರು ಬಿಸಿಯಾಗಿ ಮುಚ್ಚಳದಂತೆ ಕೂತಾಗ ತಳದ ಸತ್ವ ಮೇಲೆ ಬರುವುದಿಲ್ಲ, ತೇಲುವ ಆಹಾರ ಕಡಿಮೆಯಾಗುತ್ತದೆ. ಬೀಸಣಿಗೆಗಳು ಬಾಯಿ ಮುಚ್ಚಿ ಕೂಡಿಟ್ಟದ್ದರಲ್ಲಿ ದಿನ ದೂಡುತ್ತವೆ, ಶರತ್ಕಾಲದ ಬಿರುಗಾಳಿ ನೀರನ್ನು ಕದಡುವುದನ್ನೇ ಕಾಯುತ್ತ. ಉಪವಾಸ ಅವಕ್ಕೆ ಗೊತ್ತು. ಆದರೆ ಮೈ ಬಿಸಿಯಾದಷ್ಟೂ ಖರ್ಚು ಹೆಚ್ಚು. ಬಿಸಿನೀರಿನ ಮುಚ್ಚಳ ಆಳಕ್ಕಿಳಿದು ವಾರಗಟ್ಟಲೆ ನಿಂತರೆ ಕೂಡಿಟ್ಟದ್ದು ತೀರುತ್ತದೆ, ಮಾಂಸ ಕಳಚಿ ಎಲುಬು ಉಳಿಯುತ್ತದೆ. 1999ರಲ್ಲಿ ಈ ಕಡಲಿನ ವಾಯವ್ಯ ಭಾಗದಲ್ಲಿ ಹೀಗಾಯಿತು, 2003ರಲ್ಲಿ ಆಯಿತು, 2022ರ ಬೇಸಿಗೆಯಲ್ಲಿ ಇನ್ನೂ ಭೀಕರವಾಗಿ ಆಯಿತು. ಈ ಬೀಸಣಿಗೆ ವರ್ಷಕ್ಕೆ ಬೆಳೆಯುವುದು ಎರಡು ಸೆಂಟಿಮೀಟರಿನ ಆಸುಪಾಸು. ಎದೆಮಟ್ಟದ ಒಂದು ಪೊದೆ ಹೋಯಿತೆಂದರೆ ನನ್ನ ವಯಸ್ಸಿನದೊಂದು ಹೋಯಿತು.

ನೀರು ಬಿಸಿಯಾಗುತ್ತಿದೆ ಎಂಬುದಕ್ಕೆ ಈ ಊರಲ್ಲಿ ಉಪಗ್ರಹದ ಸಾಕ್ಷಿ ಬೇಕಿಲ್ಲ. ಜೋಸೆಪ್ ಪಾಸ್ಕುವಾಲ್ ಎಂಬುವರು 1974ರಿಂದ ತಮ್ಮ ದೋಣಿಯಲ್ಲಿ ಮೆದೆಸ್‌ನ ಆಚೆ ಹೋಗಿ ನೀರಿನ ಉಷ್ಣಾಂಶ ಅಳೆಯುತ್ತ ಬಂದವರು, ಮೇಲ್ಮೈಯಿಂದ 80 ಮೀಟರ್ ಆಳದ ತನಕ. ಅವರ ಅಂಕಿಗಳನ್ನು ಕಡಲವಿಜ್ಞಾನಿಗಳು ಉಪಗ್ರಹಗಳನ್ನೇ ತಾಳೆ ನೋಡಲು ಬಳಸುತ್ತಾರೆ. ಹತ್ತು ವರ್ಷಕ್ಕೆ ಸುಮಾರು 0.3 ಡಿಗ್ರಿಯಂತೆ ಮೇಲ್ನೀರು ಏರಿದೆ ಎನ್ನುತ್ತದೆ ಆ ಲೆಕ್ಕ. ಪಂಚಾಂಗ ನೋಡಿದಷ್ಟು ನಿಷ್ಠೆಯಿಂದ ಒಬ್ಬರು ಅರ್ಧ ಶತಮಾನ ಥರ್ಮಾಮೀಟರ್ ಇಳಿಬಿಟ್ಟದ್ದರಿಂದ ಇಷ್ಟು ನಮಗೆ ಗೊತ್ತಾಗಿದೆ. ಮೀನು ಹಿಡಿಯುವವನನ್ನು ಕಾನೂನು ಬಂದರಿನಲ್ಲೇ ತಡೆಯಿತು. ಬಿಸಿನೀರಿಗೆ ಯಾವ ಬೋಯ್ ಕಟ್ಟುವುದು?

ಇಳಿಯುವ ನಾವೂ ಸಾಚಾಗಳಲ್ಲ. ಬಂಡೆಯ ಮೇಲೆ ಹಪ್ಪಳದಷ್ಟು ತೆಳುವಾದ ಸುಣ್ಣದ ಎಸಳುಗಳನ್ನು ಕಟ್ಟಿಕೊಂಡು ಕೂರುವ ಪುಟ್ಟ ಜೀವಿಗಳಿವೆ. ಜನ ಹೆಚ್ಚು ಇಳಿಯುವ ಬಂಡೆಗಳಲ್ಲಿ ಅವು ಕಡಿಮೆ ಎಂದು ಇಲ್ಲೇ ಎಣಿಸಿ ತೋರಿಸಿದ್ದಾರೆ. ಕಾಲಿನ ರೆಕ್ಕೆ ಒಮ್ಮೆ ಸೋಕಿದರೆ ಮುಗಿಯಿತು. ಆ ದಿನ ಗ್ರೂಪರ್ ನೋಡುವ ಗಡಿಬಿಡಿಯಲ್ಲಿ ನನ್ನ ರೆಕ್ಕೆ ಹಿಂದೆ ಎಲ್ಲಿಗೋ ತಾಗಿ ‘ಚಟ್’ ಎಂದದ್ದು ನನಗೆ ಕೇಳಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಹೋಗುವ ಮನಸ್ಸಿದ್ದವರಿಗೆ ನಾಲ್ಕು ಮಾತು. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ನೀರು ಇನ್ನೂ ಬೆಚ್ಚಗಿರುತ್ತದೆ, ಬೇಸಿಗೆಯ ಜಾತ್ರೆ ಕರಗಿರುತ್ತದೆ. ಮೊದಲ ಸರ್ಟಿಫಿಕೇಟ್ ಮಾತ್ರ ಇರುವವರು ಸುರಂಗದ ಆಸೆ ಬಿಡಬೇಕು, ಗ್ರೂಪರ್ ನೋಡಲು ಅಷ್ಟು ಆಳಕ್ಕೆ ಹೋಗಬೇಕಾಗಿಯೂ ಇಲ್ಲ. ಟಾರ್ಚ್ ಹಗಲಿನಲ್ಲೂ ಬೇಕು. ಎರಡು ಇಳಿತಗಳಿಗೆ ಬುತ್ತಿಯ ಹಾಗೆ ಎರಡು ದಿನ ಹೆಚ್ಚಿಗೆ ಕಟ್ಟಿಕೊಂಡೇ ಟಿಕೆಟ್ ಮಾಡಿಸಿ. ನಾನು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋಗುವಾಗ ಬಂದರಿನ ಕಂಬಗಳಿಗೆ ಹಗ್ಗ ಮತ್ತೆ ಬಡಿಯತೊಡಗಿತ್ತು, ಸೆಂಟರಿನ ಹಲಗೆಯ ಮೇಲೆ ಗೈಡ್ ಹುಡುಗಿ ಅಡ್ಡಗೆರೆ ಎಳೆಯುತ್ತಿದ್ದಳು.